ಭಾವನವರ ಕರೆಂಟ್ ಸೈಕಲ್ಲು

ನಮ್ಮ ಭಾವನವರಿಗೆ ತಲೆ ಕೆಟ್ಟಿದೆ ಎಂದು ನಾನು ಯಾವತ್ತೂ ಹೇಳಿದವಳಲ್ಲ. ಹಾಗೆಂದವರನ್ನು ತಡೆದವಳೂ ಅಲ್ಲ! ಕಿದ್ವಾಯಿ ನಗರದ ಸರ್ಕಾರಿ ಕ್ವಾರ್ಟರ್ಸಿನ ಅಡುಗೆಮನೆಯಲ್ಲಿ, ಅಕ್ಕ ಇಡ್ಲಿಗೆ ರುಬ್ಬುತ್ತಿರುವ ಪಕ್ಕದಲ್ಲೇ ಕೂತು, ಸೈಕಲ್ಲಿನ ಚಕ್ರವನ್ನು ತೊಡೆಯ ಮೇಲಿಟ್ಟುಕೊಂಡು ಅದಕ್ಕೆ ವೈರು ಜೋಡಿಸುವ ಕೇಂದ್ರ ಸರ್ಕಾರದ ಸೆಕ್ಷನ್ ಆಫೀಸರನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ. ಮರುದಿನ ಗ್ರೀಸಿನ ವಾಸನೆಯ ಇಡ್ಲಿಯನ್ನೂ ತಿಂದಿದ್ದೇನೆ.

ಭಾವ ಎಂದರೆ ನನ್ನ ಅಕ್ಕನ ಗಂಡ. ಇಪ್ಪತ್ತೆರಡು ವರ್ಷ ಅವರು ದೆಹಲಿಯ ಬಿಸಿಲು, ಮಂಜು, ಧೂಳು ಯಾವುದಕ್ಕೂ ಜಗ್ಗದೆ ಸೈಕಲ್ಲಿನಲ್ಲೇ ಆಫೀಸಿಗೆ ಹೋದವರು. ಅವರ ಕೈಕೆಳಗಿನ ಗುಮಾಸ್ತರು ಕಾರು ಕೊಂಡರು, ಇವರು ಹೊಸ ಟೈರು ಕೊಂಡರು. ರಜೆ ಸಿಕ್ಕಿತೋ, ಆಗ್ರಾಕ್ಕೋ ಮಥುರಾಕ್ಕೋ ಸೈಕಲ್ ಟೂರು. ಅಕ್ಕನನ್ನು ನೋಡಲು ಬಂದ ದಿನ ಹಾಡು ಬರುತ್ತಾ, ಕಸೂತಿ ಬರುತ್ತಾ ಎಂದು ಕೇಳುವುದು ಬಿಟ್ಟು ಸೈಕಲ್ ಹೊಡೆಯೋಕೆ ಬರುತ್ತಾ ಎಂದು ಕೇಳಿದ ಮಹಾನುಭಾವರು! ಅಕ್ಕ ಬರಲ್ಲ ಎಂದಳು. ಪರವಾಗಿಲ್ಲ, ಕಲಿಸ್ತೀನಿ ಎಂದರಂತೆ. ಇವತ್ತಿನವರೆಗೂ ಕಲಿಸಿಲ್ಲ.

ಇಂಥ ಭಾವನವರಿಗೆ ಒಂದು ಡಿಸೆಂಬರಿನಲ್ಲಿ ಆಫೀಸಿನ ಮೆಟ್ಟಿಲು ಹತ್ತುವಾಗ ಎದೆನೋವು ಬಂತು. ಆಸ್ಪತ್ರೆಯಲ್ಲಿ ಸ್ಟೆಂಟು ಹಾಕಿದರು. ಸದ್ಯಕ್ಕೆ ಸೈಕಲ್ ತುಳಿಯುವುದು ಬೇಡ ಎಂದರು ಡಾಕ್ಟರು. ಅಕ್ಕ 'ಸದ್ಯಕ್ಕೆ' ಎನ್ನುವುದನ್ನು ಅಲ್ಲೇ ಬಿಟ್ಟು ಉಳಿದದ್ದನ್ನು ಮನೆಗೆ ತಂದಳು. ಸೈಕಲ್ಲಿಗೆ ವರಾಂಡದ ಗ್ರಿಲ್ಲಿನ ಜೊತೆ ಸರಪಳಿ ಬಿತ್ತು, ಬೀಗದ ಕೈ ಸಾಸಿವೆ ಡಬ್ಬಿ ಸೇರಿತು.

ಭಾವ ಬಸ್ಸಿನಲ್ಲಿ ಹೋಗತೊಡಗಿದರು. ಸಂಜೆ ಒಂದು ಹಳೇ ಬನಿಯನ್ ಹಿಡಿದು ಕೂತು, ಎಲ್ಲಿಗೂ ಹೋಗದ ಸೈಕಲ್ಲನ್ನು ಒರೆಸುತ್ತಿದ್ದರು. ಸಾಸಿವೆ ಡಬ್ಬಿಯಿಂದ ಬೀಗದ ಕೈ ತೆಗೆದು ಕೊಟ್ಟುಬಿಡೋಣ ಎನ್ನಿಸುತ್ತಿತ್ತು. ಹಾಗೆಂದು ಅಕ್ಕನನ್ನು ಬೈಯುವ ಹಾಗೂ ಇರಲಿಲ್ಲ. ಅವರು ಉಸಿರಾಡುತ್ತಿದ್ದಾರಾ ಎಂದು ಆಗಾಗ ಎದ್ದು ನೋಡಿ ನೋಡಿ ಅವಳ ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು. ಅವರಿಗೆ ಸೈಕಲ್ ಬೇಕು, ಇವಳಿಗೆ ಅವರು ಬೇಕು. ನಡುವೆ ನಾನು ಯಾರ ಪಕ್ಷ ಹಿಡಿಯಲಿ?

ಎಂಟು ತಿಂಗಳು ಹೀಗೇ ಕಳೆದ ಮೇಲೆ ಒಂದು ಭಾನುವಾರ ನಾನು ಹೋದಾಗ ಭಾವ ಕಳೆಕಳೆಯಾಗಿದ್ದರು. ಸೈಕಲ್ಲಿಗೆ ಮೋಟಾರು ಹಾಕುತ್ತಾರಂತೆ! ಕಾಲಿಗೆ ಕೆಲಸವೇ ಇಲ್ಲ, ಎದೆಗೆ ಶ್ರಮವೇ ಇಲ್ಲ, ಆಫೀಸಿಗೂ ಆಯಿತು, ಆಗ್ರಾಕ್ಕೂ ಆಯಿತು. ಆದರೆ ನಮ್ಮ ಭಾವ ನೆಟ್ಟಗೆ ಹೆಂಡತಿಯನ್ನು ಕೇಳುವವರೇ? ಫೈಲು ತೆರೆದರು. ಹಸಿರು ಟ್ಯಾಗು ಕಟ್ಟಿದ, ಪುಟಸಂಖ್ಯೆ ಹಾಕಿದ ನಿಜವಾದ ಫೈಲು. 'ವಿಷಯ: ಮನೆಯ ಸೈಕಲ್ಲಿಗೆ ವಿದ್ಯುತ್ ಮೋಟಾರು ಅಳವಡಿಸುವ ಕುರಿತು. ಪರಿಶೀಲನೆ ಮತ್ತು ಅನುಮೋದನೆಗಾಗಿ ಸಲ್ಲಿಸಿದೆ.'

ಅಕ್ಕನೂ ಇಷ್ಟು ವರ್ಷ ಸರ್ಕಾರಿ ನೌಕರನ ಹೆಂಡತಿಯಾಗಿ ಸುಮ್ಮನೆ ಕೂತಿರಲಿಲ್ಲ. ಅಂಚಿನಲ್ಲಿ 'ಮಾತಾಡಿ' ಎಂದು ಬರೆದು ಸಹಿ ಹಾಕಿ ಫೈಲನ್ನು ಫ್ರಿಜ್ಜಿನ ಮೇಲಿಟ್ಟಳು. ಮೇಲಧಿಕಾರಿ 'ಮಾತಾಡಿ' ಎಂದು ಬರೆದ ಫೈಲು ಮತ್ತೆ ಏಳುವುದು ಕಷ್ಟ ಎಂದು ಭಾವನವರೇ ಅವಳಿಗೆ ಹಿಂದೊಮ್ಮೆ ಹೇಳಿಕೊಟ್ಟಿದ್ದರು. ಭಾವ ಬಿಡಲಿಲ್ಲ. ದಿನಾ ಕಾಫಿ ಹೊತ್ತಿಗೆ ಹೋಗಿ ಎದುರು ನಿಂತು ಮಾತಾಡಿದರು, ಪ್ರತಿ ಸಲವೂ ಕೆಳಗೆ 'ಮಾತಾಡಲಾಯಿತು' ಎಂದು ದಾಖಲಿಸಿದರು. ಹದಿನೇಳನೆಯ 'ಮಾತಾಡಲಾಯಿತು' ಆದ ಮೇಲೆ ಅಕ್ಕ ಸೋತು, ಪ್ರಯೋಗಕ್ಕೆ ಮಾತ್ರ ಒಪ್ಪಿಗೆ ಎಂದು ಬರೆದಳು.

ಮೊದಲ ಪ್ರಯೋಗ ಕಾರಿನ ವೈಪರ್ ಮೋಟಾರಿನದು. ಗುಜರಿಯಲ್ಲಿ ಸಿಕ್ಕಿತಂತೆ. ಅಕ್ಕಪಕ್ಕದ ಮನೆಯವರೆಲ್ಲ ಸೇರಿದರು, ಭಾವ ಗಂಭೀರವಾಗಿ ಏರಿ ಕೂತರು, ಸ್ವಿಚ್ಚು ಒತ್ತಿದರು. ಸೈಕಲ್ಲು ಹೊರಟಿತು, ಸುಳ್ಳು ಹೇಳಬಾರದು. ಎದುರುಮನೆಯ ಪಂಜಾಬಿ ಅಜ್ಜಿ ಕೋಲೂರಿಕೊಂಡು ಹಾಲಿನ ಬೂತಿಗೆ ಹೊರಟವರು ಅದನ್ನು ಹಿಂದೆ ಹಾಕಿ, ಹಾಲು ತಗೊಂಡು ವಾಪಸು ಬರುವಾಗಲೂ ಭಾವ ಅದೇ ಗೇಟಿನ ಹತ್ತಿರ ಇದ್ದರು. ಪಾಪ, ಅಜ್ಜಿ ನಿಂತು, ಪಂಕ್ಚರ್ ಆಗಿದೆಯಾ ಎಂದು ವಿಚಾರಿಸಿದರು.

ಆಮೇಲೆ ಕರೋಲ್ ಬಾಗ್ ಯಾತ್ರೆಗಳು. ಅಲ್ಲೊಬ್ಬ ಬಿಡಿಭಾಗಗಳ ಅಂಗಡಿಯವನು ಮೋಟಾರು ಒಳಗೇ ಇರುವ ಚೀನಾದ ಚಕ್ರ ತರಿಸಿಕೊಡುವುದಾಗಿ ಒಪ್ಪಿದ. ಒಂದು ದಿನ ನಾನೂ ಜೊತೆಗೆ ಹೋಗಿದ್ದೆ. ಬ್ಯಾಟರಿ ಇಷ್ಟು ಭಾರ, ಚಾರ್ಜರ್ ಇಷ್ಟು ದಪ್ಪ, ಇದರ ಬದಲು ನೆಟ್ಟಗೆ ಸ್ಕೂಟರ್ ತಗೋಬಾರದೇ ಬಾಬೂಜಿ ಎಂದು ಅವನು ಹಿಂದಿಯಲ್ಲಿ ಕೇಳಿದ. ಭಾವ ಒಂದು ಕ್ಷಣವೂ ಯೋಚಿಸದೆ ಹೇಳಿದರು: "ಭಯ್ಯಾ, ವೋ ಅಲಗ್ ಫೈಲ್ ಹೈ." ಅದು ಬೇರೆ ಫೈಲಂತೆ!

ಅಂತೂ ಚಕ್ರ ಬಂತು, ಕ್ಯಾರಿಯರಿನ ಮೇಲೆ ಮೂರು ಬ್ಯಾಟರಿ ಕೂತವು. ಮನೆಯಲ್ಲಿ ಖಾಲಿ ಇದ್ದ ಪ್ಲಗ್ಗು ದೇವರ ಗೂಡಿನ ಪಕ್ಕದ್ದು ಒಂದೇ. ಹಾಗಾಗಿ ಬ್ಯಾಟರಿಗಳು ದೇವರ ಜೊತೆಯಲ್ಲೇ ಚಾರ್ಜ್ ಆಗತೊಡಗಿದವು. ಅಕ್ಕ ಮೊದಮೊದಲು ಗೊಣಗಿದಳು. ಒಂದು ಶುಕ್ರವಾರ ನೋಡುತ್ತೇನೆ, ಮೂರಕ್ಕೂ ಕುಂಕುಮ ಇಟ್ಟಿದ್ದಾಳೆ! ಕೇಳಿದ್ದಕ್ಕೆ, ಅವರ ಜೀವ ಹೊತ್ತುಕೊಂಡು ಹೋಗೋದು ಅದೇ ತಾನೇ ಎಂದಳು. ನಾನು ತಮಾಷೆ ಮಾಡಬೇಕೆಂದವಳು ಕುಂಕುಮದ ಬಟ್ಟಲನ್ನು ಗೂಡಿನೊಳಗೆ ಎತ್ತಿಟ್ಟೆ.

ಫೆಬ್ರವರಿಗೆ ಅಂತಿಮ ಅನುಮೋದನೆ ಸಿಕ್ಕಿತು, ಷರತ್ತುಗಳೊಂದಿಗೆ. ಒಂದು, ಯಾವ ಕಾರಣಕ್ಕೂ ಪೆಡಲ್ ತುಳಿಯತಕ್ಕದ್ದಲ್ಲ. ಎರಡು, ಹೆಲ್ಮೆಟ್ಟು. ಮೂರು, ತಲುಪಿದ ಕೂಡಲೇ ಫೋನು. ಭಾವ ಮೂರಕ್ಕೂ ಸಹಿ ಹಾಕಿದರು. ಒಂದು ವಾರ ಆಫೀಸಿಗೆ ಹೋಗಿ ಬಂದರು, ಏನೂ ತೊಂದರೆಯಾಗಲಿಲ್ಲ. ಆಗ್ರಾ ದಾರಿಯ ನಕಾಶೆಯಲ್ಲಿ ಚಾರ್ಜ್ ಮಾಡಿಕೊಳ್ಳಬಹುದಾದ ಢಾಬಾಗಳಿಗೆಲ್ಲ ಕೆಂಪು ಗುರುತು ಬಿತ್ತು. ಅದಕ್ಕೆ ಮೊದಲು ಒಂದು ಸಣ್ಣ ಟೂರು ಆಗಲಿ ಎಂದು, ಭಾನುವಾರ ಬೆಳಗ್ಗೆ ನಮ್ಮ ಮನೆಗೆ ಹೊರಟರು. ನಾನಿದ್ದದ್ದು ಇನ್ನೂ ಗುರುಗ್ರಾಮ ಆಗಿರದ ಗುರ್‌ಗಾಂವ್‌ನಲ್ಲಿ, ಒಂದು ಕಂಪನಿಯ ಕೆಲಸದ ಮೇಲೆ.

ಏಳಕ್ಕೆ ಬಿಟ್ಟವರು ಎಂಟೂವರೆಗೆ ತಲುಪಬೇಕು. ಒಂಬತ್ತಾಯಿತು, ಹತ್ತಾಯಿತು, ಸುಳಿವೇ ಇಲ್ಲ. ಫೋನ್ ಮಾಡಿದರೆ ಸ್ವಿಚ್ ಆಫ್. ಮೂರು ಬ್ಯಾಟರಿಗಳನ್ನು ಹೊಟ್ಟೆ ತುಂಬ ಚಾರ್ಜ್ ಮಾಡಿದ ಮನುಷ್ಯ ಮೊಬೈಲನ್ನು ಚಾರ್ಜಿಗೆ ಹಾಕುವುದು ಮರೆತಿದ್ದರು! ಅಕ್ಕ ನನಗೆ ಆರು ಸಲ ಫೋನ್ ಮಾಡಿದಳು. ಏಳನೆಯ ಸಲ ಮಾಡಲಿಲ್ಲ. ಆಟೋ ಹಿಡಿದು, ದಾರಿಯುದ್ದಕ್ಕೂ ಸೈಕಲ್ಲುಗಳನ್ನು ಹುಡುಕುತ್ತಾ, ಚಪ್ಪಲಿ ಒಂದು ಬಣ್ಣದ್ದು ಇನ್ನೊಂದು ಬಣ್ಣದ್ದು ಮೆಟ್ಟಿಕೊಂಡು ನಮ್ಮ ಮನೆಗೆ ಬಂದೇಬಿಟ್ಟಳು. ಬಂದವಳು ಕೂರಲೂ ಇಲ್ಲ, ನೀರೂ ಕುಡಿಯಲಿಲ್ಲ. ಬಾಲ್ಕನಿಯ ಕಂಬಿ ಹಿಡಿದು ನಿಂತಳು. ನನಗೆ ಅವಳ ಮುಖ ನೋಡಲು ಧೈರ್ಯವಾಗಲಿಲ್ಲ.

ಹನ್ನೆರಡೂವರೆಗೆ ಭಾವ ಬಂದರು. ಹೆಲ್ಮೆಟ್ಟು ತಲೆಯ ಮೇಲಿತ್ತು. ಸೈಕಲ್ಲಿನ ಮೇಲೆ ಅವರಿರಲಿಲ್ಲ. ಪಕ್ಕದಲ್ಲಿ ನಡೆಯುತ್ತಾ ಅದನ್ನು ತಳ್ಳಿಕೊಂಡು ಬರುತ್ತಿದ್ದರು!

ಆಗಿದ್ದಿಷ್ಟೇ. ಎದುರುಗಾಳಿ ಹೊಡೆದು, ಮಹಿಪಾಲ್‌ಪುರ ದಾಟುವಷ್ಟರಲ್ಲಿ ಬ್ಯಾಟರಿ ಖಾಲಿ. ಢಾಬಾಗಳಲ್ಲಿ ಪ್ಲಗ್ಗು ಕೇಳಿದರೆ 'ಲೈಟ್ ನಹೀಂ ಹೈ ಅಂಕಲ್‌ಜೀ'. ಕರೆಂಟು ಇಲ್ಲದ ಊರಿನಲ್ಲಿ ಕರೆಂಟ್ ಸೈಕಲ್ಲು! ಹಾಗಾಗಿ ಅಷ್ಟು ಭಾರದ ಗಾಡಿಯನ್ನು ಒಂಬತ್ತು ಕಿಲೋಮೀಟರ್ ತಳ್ಳಿದ್ದರು. ಅಂಗೈ ನೋಡಿದರೆ ಎರಡರಲ್ಲೂ ಬೊಬ್ಬೆ.

ನನಗೆ ಕೋಪ ಬಂತು. ಪೆಡಲ್ ಇತ್ತಲ್ಲ ಭಾವ, ನಿಧಾನವಾಗಿ ತುಳಿದುಕೊಂಡು ಬಂದಿದ್ದರೆ ಯಾರು ನೋಡುತ್ತಿದ್ದರು ಎಂದು ಕೇಳಿದೆ.

"ಷರತ್ತು ನಂಬರ್ ಒಂದು," ಎಂದರು. ತಳ್ಳುವುದು ತುಳಿಯುವುದಕ್ಕಿಂತ ಎದೆಗೆ ಹೆಚ್ಚು ಕಷ್ಟವಲ್ಲವೇ ಎಂದರೆ, ತಳ್ಳಬಾರದು ಅಂತ ಷರತ್ತಿನಲ್ಲಿ ಎಲ್ಲೂ ಇಲ್ಲವಂತೆ. ನಾನು ನಗು ತಡೆಯಲಾರದೆ ಅಕ್ಕನ ಕಡೆ ನೋಡಿದೆ. ಅಕ್ಕ ನಗುತ್ತಿರಲಿಲ್ಲ. ಕೊಬ್ಬರಿ ಎಣ್ಣೆ ತಂದು ಅವರ ಅಂಗೈಗೆ ಹಚ್ಚುತ್ತಾ ಕೂತವಳು ತಲೆ ಎತ್ತದೆ ಹೇಳಿದಳು.

"ರೀ, ಹೋದ ಜೂನ್‌ನಲ್ಲೇ ಡಾಕ್ಟ್ರು ನೀವು ನಿಧಾನಕ್ಕೆ ತುಳೀಬಹುದು ಅಂದಿದ್ರು. ನೀವು ಹೊರಗೆ ಇಸಿಜಿ ಮಾಡಿಸ್ಕೋತಾ ಇದ್ರಿ. ಚೀಟೀಲೂ ಬರ್ದಿದ್ರು. ನಾನೇ ಹೇಳ್ಲಿಲ್ಲ. ನಂಗೆ ಭಯ ಆಯ್ತು."

ಇಷ್ಟು ತಿಂಗಳ ಫೈಲು, ವೈಪರ್ ಮೋಟಾರು, ಕರೋಲ್ ಬಾಗ್ ಎಲ್ಲ ಸುಮ್ಮಸುಮ್ಮನೆಯೇ? ಈಗ ಭಾವ ಸಿಡಿಯುತ್ತಾರೆ ಎಂದುಕೊಂಡೆ. ಸಿಡಿದರೂ ತಪ್ಪಿಲ್ಲ ಎಂದೂ ಅನ್ನಿಸಿತು.

"ಗೊತ್ತು ಕಣೇ," ಎಂದರು ಭಾವ. "ಆ ಚೀಟಿ ಆವತ್ತೇ ಓದಿದ್ದೆ."

ಅಕ್ಕನ ಕೈ ನಿಂತಿತು. ಮತ್ತೆ ಈ ಮೋಟಾರು ಯಾಕೆ ಭಾವ ಎಂದು ನಾನೇ ಕೇಳಿದೆ.

"ನಾನು ತುಳಿಯೋಕೆ ಶುರು ಮಾಡಿದ್ರೆ ಇವಳು ಮತ್ತೆ ನಿದ್ದೆ ಮಾಡ್ತಿರ್ಲಿಲ್ಲಮ್ಮ," ಎಂದರು. ಇಷ್ಟು ಹೇಳಿ, ಬ್ಯಾಟರಿಯನ್ನು ಯಾವ ಪ್ಲಗ್ಗಿಗೆ ಹಾಕಲಿ ಎಂದು ಎದ್ದರು. ನಮ್ಮಲ್ಲೂ ಕರೆಂಟು ಇರಲಿಲ್ಲ.

ಅಕ್ಕ ಬಚ್ಚಲುಮನೆಗೆ ಹೋಗಿ ಬಹಳ ಹೊತ್ತು ಮುಖ ತೊಳೆದುಕೊಂಡಳು. ಊಟವಾಯಿತು, ಭಾವ ಒಂದು ನಿದ್ದೆ ತೆಗೆದರು. ಸಂಜೆ ಬಿಸಿಲು ಇಳಿದ ಮೇಲೆ ಅಕ್ಕ ಅವರನ್ನು ಕೆಳಗೆ ಕರೆದುಕೊಂಡು ಹೋದಳು. ಬ್ಯಾಟರಿಗಳನ್ನು ಇಳಿಸಲು ಹೇಳಿದಳು. ತುಳೀರಿ, ನಾನು ನೋಡ್ತೀನಿ ಎಂದಳು. ಭಾವ ಒಂದು ಕಾಲು ನೆಲದ ಮೇಲಿಟ್ಟುಕೊಂಡು ಸ್ವಲ್ಪ ಹೊತ್ತು ಹಾಗೇ ನಿಂತರು. ಆಮೇಲೆ ತುಳಿದರು.

ಮೊದಲನೇ ಸುತ್ತಿಗೆ ಅಕ್ಕ ಕ್ಯಾರಿಯರ್ ಹಿಡಿದುಕೊಂಡು ಪಕ್ಕದಲ್ಲೇ ನಡೆದಳು, ಅರ್ಧ ನಡೆದಳು, ಅರ್ಧ ಓಡಿದಳು. ಎರಡನೇ ಸುತ್ತಿಗೆ ಕೈ ಬಿಟ್ಟಳು.