ಕ್ವಿಲ್ಸ್‌ಬರ್ಗಿನ ಮುರಿದ ಚಕ್ರ

ಬೆಳಿಗ್ಗೆ ಎಂಟಕ್ಕೆ ವೆಂಡೆಲ್ ಸ್ಟಾಕ್ ಮ್ಯೂಸಿಯಂ ಬಾಗಿಲು ತೆಗೆದು, ಬಟ್ಟೆ ಸರಿಸಿ ನೋಡಿದರೆ ಚಕ್ರ ಗಟ್ಟಿಮುಟ್ಟಾಗಿತ್ತು. ಅವನು ಬಟ್ಟೆ ಮತ್ತೆ ಮುಚ್ಚಿ, ಮತ್ತೆ ಸರಿಸಿ ನೋಡಿದ.

ಯಾಕೆಂದರೆ ಅದು ಮುರಿದಿರಬೇಕಿತ್ತು. ೧೮೫೮ರಲ್ಲಿ ಎಬನ್ ಕ್ವಿಲ್ ಎಂಬಾತ ಹೆಂಡತಿ ಮಕ್ಕಳೊಂದಿಗೆ ಗಾಡಿ ಹೂಡಿಕೊಂಡು ದೂರದ ಪಡುವಣ ತೀರದ ಆರೆಗಾನಿಗೆ ಹೊರಟಿದ್ದ. ನೆಬ್ರಾಸ್ಕಾದ ಈ ಹೊಳೆತಿರುವಿನಲ್ಲಿ ಚಕ್ರ ಮುರಿದು, ಮುಂದೆ ಹೋಗಲಾರದೆ ಇಲ್ಲೇ ಉಳಿದ. ಹಾಗೆ ಹುಟ್ಟಿದ್ದು ನಮ್ಮ ಕ್ವಿಲ್ಸ್‌ಬರ್ಗ್. ನಾನೂರ ಹನ್ನೆರಡು ಜನ, ಎರಡು ಚರ್ಚು, ಧಾನ್ಯ ತುಂಬಿಡುವ ಒಂದು ಗೋಪುರ, ಉಳಿದಂತೆ ಕಣ್ಣು ಹಾಯುವಷ್ಟೂ ಮುಸುಕಿನ ಜೋಳ. ಇಷ್ಟು ಚಪ್ಪಟೆ ಸೀಮೆಯಲ್ಲಿ ಹೊಳೆ ಚೆಂದವಾಗಿ ತಿರುಗುವುದು ನಮ್ಮೂರಲ್ಲೊಂದೇ. ಅದನ್ನೂ ನಾವು ನಮ್ಮದೇ ಸಾಧನೆಯೆಂದು ಹೇಳಿಕೊಳ್ಳುತ್ತೇವೆ.

ಅವತ್ತು ಮಧ್ಯಾಹ್ನ ಮೂರಕ್ಕೆ ರಾಜಧಾನಿಯ ಇತಿಹಾಸ ಇಲಾಖೆಯಿಂದ ಮಿಸ್ ಅಬರ್ನಾಥಿ ಬರುವವಳಿದ್ದಳು. ಜಿಲ್ಲೆಗೆ ಒಂದೇ ಒಂದು ಕಂಚಿನ ಇತಿಹಾಸ ಫಲಕ ಮಂಜೂರಾಗಿತ್ತು. ಅದು ನಮಗೋ ಪಕ್ಕದ ಬೆಲ್‌ಫೋರ್ಡಿಗೋ ಎಂದು ಅವಳು ತೀರ್ಮಾನಿಸಬೇಕಿತ್ತು. ನಮ್ಮ ಹೈಸ್ಕೂಲನ್ನು ಆಗಲೇ ನುಂಗಿದ್ದ ಬೆಲ್‌ಫೋರ್ಡಿಗೆ ಫಲಕವೂ ಹೋದರೆ, ಇಪ್ಪತ್ತೆರಡು ವರ್ಷ ಮ್ಯೂಸಿಯಂ ಕಾದ ವೆಂಡೆಲ್ ಊರಲ್ಲಿ ತಲೆಯೆತ್ತಿ ಓಡಾಡುವಂತಿರಲಿಲ್ಲ.

ಚಕ್ರಕ್ಕೆ ಎಣ್ಣೆ ಹಚ್ಚಿಕೊಡಲು ಅವನು ಟ್ರ್ಯಾಕ್ಟರ್ ರಿಪೇರಿಯ ಓರ್ವಿಲ್ ನೂಡ್ಸನ್‌ಗೆ ಹಿಂದಿನ ದಿನ ಹೇಳಿದ್ದ. ಈಗ ಅವನ ಶೆಡ್ಡಿಗೆ ಓಡಿದ.

"ಏನೋ ಮಾಡ್ಬಿಟ್ಟೆ ಓರ್ವಿಲ್?"

"ಎಣ್ಣೆ ಹಚ್ಚು ಅಂದೆ, ಹಚ್ದೆ. ನಡುವಿಂದ ಅಂಚಿಗೆ ಹೋಗೋ ಎರಡು ಅರೆಕಾಲು ಮುರಿದಿದ್ವು, ಹೊಸದು ಹಾಕ್ದೆ."

"ಅಯ್ಯೋ ಮಾರಾಯ, ಮುರಿದಿರೋದೇ ಅದರ ಹೆಚ್ಚುಗಾರಿಕೆ ಕಣೋ!"

"ನಿಂಗೆ ಹೆಚ್ಚುಗಾರಿಕೆ, ನಮಗೆ ಮರ್ಯಾದೆ ಪ್ರಶ್ನೆ!" ಓರ್ವಿಲ್ ಸ್ಪ್ಯಾನರ್ ಎಸೆದ. "ಆ ಗಾಡಿ ಜೊತೆ ಬಂದ ಬಡಗಿ ನಮ್ಮ ಮುತ್ತಜ್ಜ. ಒಂದು ಚಕ್ರ ರಿಪೇರಿ ಮಾಡೋಕೆ ಬರ್ಲಿಲ್ಲ ಅವನಿಗೆ ಅಂತ ಪ್ರತಿ ಜುಲೈ ನಾಲ್ಕರ ಸ್ವಾತಂತ್ರ್ಯ ದಿನಕ್ಕೂ ಮೈಕಲ್ಲಿ ಕೂಗ್ತೀಯಲ್ಲ, ಕೇಳಿ ಕೇಳಿ ಕಿವಿ ತೂತಾಗಿದೆ!"

ಈ ಜಗಳ ಅಂಚೆಕಚೇರಿಯ ಲವೆರ್ನ್ ಕಿವಿಗೆ ಬಿತ್ತು. ಅಂದಮೇಲೆ ಊರಿಗೇ ಗೊತ್ತಾದಂತೆ. ಒಂಬತ್ತರೊಳಗೆ ಮುಖ್ಯ ಬೀದಿ ತುಂಬಿತು.

"ಅಷ್ಟಕ್ಕೆ ಅಳ್ತೀಯಾ? ಮತ್ತೆ ಮುರಿದ್ರಾಯ್ತು!" ಎಂದಳು ಲವೆರ್ನ್.

ಜೋಳದ ರೈತ ಡೀಟರ್ ಸುತ್ತಿಗೆ ಬೀಸಿದ. ಸುತ್ತಿಗೆಯ ಹಿಡಿ ಮುರಿಯಿತು. ಪಿಕಪ್ ಹತ್ತಿಸಿದರು. ಪಿಕಪ್ಪಿನ ಟೈರು ಒಡೆಯಿತು. ಲವೆರ್ನ್ ಎಲ್ಲರಿಗೂ ರೂಬಾರ್ಬ್ ಪೈ ಎಂಬ ಹುಳಿಸಿಹಿ ತಿಂಡಿ ಹಂಚಿದಳು. ಪೈ ತಿಂದ ಹುರುಪಿನಲ್ಲಿ ಚಕ್ರವನ್ನು ಧಾನ್ಯದ ಗೋಪುರಕ್ಕೇರಿಸಿ ಕೆಳಗೆ ಬಿಟ್ಟರು. ಅದು ಒಮ್ಮೆ ಪುಟಿದು, ನೆಟ್ಟಗೆ ನಿಂತು, ಮುಖ್ಯ ಬೀದಿಯುದ್ದಕ್ಕೂ ಓಡಿತು. ಪಾದ್ರಿಗಳು ಪೊದೆಗೆ ಹಾರಿಕೊಂಡರು. ಚಕ್ರ ಹೊಳೆದಂಡೆಗೆ ಹೋಗಿ ಮೆಲ್ಲಗೆ ಮಲಗಿತು, ಒಂದು ಗೀರೂ ಇಲ್ಲ.

ಎಲ್ಲರೂ ಚಪ್ಪಾಳೆ ಹೊಡೆದರು.

"ಕೆಲಸ ಅಂದ್ರೆ ಇದು! ಬೆಲ್‌ಫೋರ್ಡಲ್ಲಿ ಯಾರಾದ್ರೂ ಮಾಡ್ತಾರಾ?" ಎಂದು ಡೀಟರ್ ಕೂಗಿದ. ಓರ್ವಿಲ್ ನಾಚಿ ಟೋಪಿ ತೆಗೆದ. ಮುರಿಯಲು ಬಂದಿದ್ದೇವೆಂಬುದೇ ಯಾರಿಗೂ ನೆನಪಿರಲಿಲ್ಲ.

ಇಷ್ಟರಲ್ಲಿ ಮಧ್ಯಾಹ್ನವಾಗಿ, ಮೂರಕ್ಕೆ ಐದೇ ನಿಮಿಷವಿತ್ತು. ವೆಂಡೆಲ್ ಹೊಳೆದಂಡೆಗೆ ಕೊಡಲಿ ತಂದ. ಇಪ್ಪತ್ತೆರಡು ವರ್ಷ ಒರೆಸಿ ಮುದ್ದಿಸಿದ ಚಕ್ರ, ಅವನ ಕಣ್ಣು ತುಂಬಿ ಬಂತು. ಅರೆಕಾಲಿಗೆ ಗುರಿಯಿಟ್ಟ ಏಟು ನಡುವಿನ ಗುಂಬಕ್ಕೆ ಬಿದ್ದು, ಗುಂಬ ಎರಡು ಹೋಳಾಯಿತು.

"ಇದೇನಾ ನೀವು ಹೇಳಿದ ಚಕ್ರ?" ಎಂದು ಹಿಂದಿನಿಂದ ಹೆಣ್ಣುದನಿ ಕೇಳಿತು. ಮಿಸ್ ಅಬರ್ನಾಥಿ! ವೆಂಡೆಲ್ ಕೊಡಲಿಯನ್ನು ಬೆನ್ನ ಹಿಂದೆ ಬಚ್ಚಿಡಲು ಹೋಗಿ ಕಾಲ ಮೇಲೆ ಬೀಳಿಸಿಕೊಂಡ.

ಅವಳು ಬಗ್ಗಿ, ಒಡೆದ ಗುಂಬದೊಳಗಿಂದ ಮಡಚಿದ ತಗಡೊಂದನ್ನು ಎಳೆದಳು.

"ಅದು ನಮ್ಮನೆ ಪದ್ಧತಿ!" ಎಂದ ಓರ್ವಿಲ್. "ಏನೇ ರಿಪೇರಿ ಮಾಡಿದ್ರೂ ತಗಡಿನ ಮೇಲೆ ಬರೆದು ಒಳಗಿಡ್ತೀವಿ. ಆದ್ರೆ ಇದು ನಂದಲ್ಲ."

ಅವಳು ಗಟ್ಟಿಯಾಗಿ ಓದಿದಳು: "ಜೂನ್ ಒಂಬತ್ತು, ೧೮೫೮. ಚಕ್ರ ಒಂದೇ ದಿನದಲ್ಲಿ ಸರಿಮಾಡಿದೆ. ಆರೆಗಾನ್ ತನಕ ಓಡುತ್ತೆ. ಆದರೆ ಎಬನ್‌ಗೆ ಈ ಜಾಗ ಬಿಟ್ಟು ಹೋಗಲು ಮನಸ್ಸಿಲ್ಲ. ಉಳಿಯಲು ಹೆಂಡತಿ ಒಪ್ಪಳು, ಎರಡು ಅರೆಕಾಲು ಮುರಿದುಬಿಡು ಎಂದು ಕಾಲಿಗೆ ಬಿದ್ದ. ಮುರಿಯುತ್ತಿದ್ದೇನೆ. ನನಗೂ ಈ ಹೊಳೆ ಹಿಡಿಸಿದೆ. ಐವರ್ ನೂಡ್ಸನ್, ಬಡಗಿ."

ಓರ್ವಿಲ್ ಮಗುವಿನಂತೆ ಅತ್ತ. ಲವೆರ್ನ್ ಅವನನ್ನು ತಬ್ಬಿಕೊಂಡಳು. ತಾವು ಹೋಗಲಾರದೆ ಉಳಿದವರ ಮಕ್ಕಳು ಎಂದುಕೊಂಡಿದ್ದ ನಾನೂರ ಹನ್ನೆರಡು ಜನ, ಬೇಕೆಂದೇ ಉಳಿದವರ ಮಕ್ಕಳೆಂದು ತಿಳಿದು ಒಂದು ಗೇಣು ಎತ್ತರವಾದರು.

"ಫಲಕ ನಿಮ್ಮದೇ," ಎಂದಳು ಮಿಸ್ ಅಬರ್ನಾಥಿ. "ಮಿಸ್ಟರ್ ಸ್ಟಾಕ್, ನಿಮ್ಮ ಹೆಸರೂ ಅದರಲ್ಲಿ ಬರಲೇಬೇಕು."

ವೆಂಡೆಲ್ ಮೂರು ತಿಂಗಳು ಆ ಮಾತಿನಲ್ಲೇ ತೇಲಿದ. ಫಲಕ ಬಂತು. ಬ್ಯಾಂಡು ಬಾರಿಸಿ ಪರದೆ ಸರಿಸಿದರು. ಮೇಲೆ ದಪ್ಪಕ್ಷರದಲ್ಲಿ, "ಉಳಿಯಲೆಂದೇ ಚಕ್ರ ಮುರಿದವರು ಕಟ್ಟಿದ ಊರು." ಕೆಳಗೆ ಸಣ್ಣಕ್ಷರದಲ್ಲಿ, "ಈ ಚಾರಿತ್ರಿಕ ಚಕ್ರವನ್ನು ಮ್ಯೂಸಿಯಂ ಪಾಲಕ ವೆಂಡೆಲ್ ಸ್ಟಾಕ್ ಕೊಡಲಿಯಿಂದ ಒಡೆದಾಗ ಸತ್ಯ ತಿಳಿದುಬಂತು."

ಈಗ ಬೆಲ್‌ಫೋರ್ಡಿನಿಂದಲೂ ಜನ ಬರುತ್ತಾರೆ. ಚಕ್ರವನ್ನು ಓರ್ವಿಲ್ ಮತ್ತೆ ಜೋಡಿಸಿಟ್ಟಿದ್ದಾನೆ. ವೆಂಡೆಲ್ ಈಗಲೂ ಪಾಲಕನೇ, ಆದರೆ ಚಕ್ರದ ಸುತ್ತ ಹಗ್ಗ ಕಟ್ಟಿದ್ದಾರೆ. ನೋಡಬಂದವರು ಒಳಗೆ ಹೋಗಿ ಮುಟ್ಟಬಹುದು, ಪಾಲಕ ಮಾತ್ರ ಹಗ್ಗದಾಚೆ ನಿಂತೇ ವಿವರಿಸಬೇಕೆಂದು ಊರಸಭೆ ಒಮ್ಮತದಿಂದ ತೀರ್ಮಾನಿಸಿದೆ.