ಸೊಸೆಯ ಕೈಯಲ್ಲಿ ಸೂಜಿ

ಮನೆಯಲ್ಲಿ ಒಬ್ಬರು ವೈದ್ಯ ಕಲಿಯಲು ಹೊರಟರೆ ಉಳಿದವರೆಲ್ಲ ಹೇಳದೆ ಕೇಳದೆ ರೋಗಿಗಳಾಗಿಬಿಡುತ್ತಾರೆ. ಯೋಕೋಹಾಮಾದ ನಮ್ಮ ಮನೆಯಲ್ಲಿ ಇಂಥದ್ದು ಏನಾದರೊಂದು ನಡೆಯುತ್ತಲೇ ಇರುತ್ತದೆ. ನಾನು ಸಸ್ಯಶಾಸ್ತ್ರದಲ್ಲಿ ಬಿ.ಎಸ್ಸಿ. ಮಾಡಿದವಳು. ಎಲೆ ಸಿಕ್ಕರೆ ಹೆಸರು, ಊರು ಬರೆದು ಅಂಟಿಸಿಡುವ ಅಭ್ಯಾಸ. ಮನೆಯ ಸಂಗತಿಗಳನ್ನೂ ಹಾಗೇ ಬರೆದಿಡುತ್ತೇನೆ. ಹಾಗಾಗಿ ಇಲ್ಲಿ ಉಪ್ಪುಖಾರ ಸೇರಿಸಿಲ್ಲ.

ನನ್ನ ಸೊಸೆ ಸಾಫ್ಟ್‌ವೇರ್ ಕಂಪನಿಯ ಒಳ್ಳೆಯ ಕೆಲಸ ಬಿಟ್ಟು ಅಕ್ಯುಪಂಕ್ಚರ್ ಶಾಲೆ ಸೇರಿದಳು. ಮೈಗೆ ಸೂಜಿ ಚುಚ್ಚಿ ನೋವು ಕಳೆಯುವ, ಚೀನಾದಿಂದ ಬಂದ ಹಳೆಯ ವೈದ್ಯಪದ್ಧತಿ. ಜಪಾನಿನಲ್ಲಿ ಅದಕ್ಕೆ ಮೂರು ವರ್ಷದ ಓದು, ಕೊನೆಗೆ ಸರ್ಕಾರದ ಪರೀಕ್ಷೆ, ಎಲ್ಲವೂ ಜಪಾನಿ ಭಾಷೆಯಲ್ಲೇ. ಮೈಸೂರಿನಿಂದ ಫೋನ್ ಮಾಡಿದ ನನ್ನ ತಂಗಿ, "ಸೂಜಿ ಚುಚ್ಚೋಕೂ ಕಾಲೇಜೇನೇ?" ಎಂದಳು. "ನೀನು ಉಗುರು ಕತ್ತರಿಸಿಕೊಳ್ಳೋಕೂ ಪಾರ್ಲರಿಗೆ ಹೋಗ್ತೀಯಲ್ಲ" ಎಂದೆ. ಸೊಸೆಯ ಮೇಲೆ ನನಗೆ ಅಷ್ಟು ಅಭಿಮಾನ. ಆದರೆ ಅವಳು "ಅತ್ತೆ, ಒಂದೇ ಒಂದು ಸೂಜಿ" ಎಂದು ಹತ್ತಿರ ಬಂದರೆ ಮಾತ್ರ ನನಗೆ ತಕ್ಷಣ ಒಲೆಯ ಮೇಲಿಟ್ಟ ಹಾಲು ನೆನಪಾಗುತ್ತಿತ್ತು.

ಬದನೆಕಾಯಿಯ ಆರೋಗ್ಯ

ಎಣ್ಣೆಗಾಯಿ ಮಾಡೋಣವೆಂದು ಫ್ರಿಜ್ ತೆಗೆದೆ. ಬದನೆಕಾಯಿಗಳ ಮೈತುಂಬ ಸಣ್ಣ ಸಣ್ಣ ತೂತು. ಹುಳುಕು! ಜಪಾನಿನಲ್ಲೂ ಹೀಗೆ ಮೋಸವೇ ಎಂದು ಸಿಟ್ಟು ಬಂತು. ಚೀಲದಲ್ಲಿ ತುಂಬಿಕೊಂಡು ಬೀದಿ ಮೂಲೆಯ ತರಕಾರಿ ಅಂಗಡಿಗೆ ಹೋಗಿ, ಮಾತು ಬಾರದಿದ್ದರೂ ಬೆರಳಿಟ್ಟು ಒಂದೊಂದೇ ತೂತು ತೋರಿಸಿದೆ. ಅಂಗಡಿಯಾತ ಕೆಂಪಾಗಿ, ಸೊಂಟ ಮುರಿಯುವಷ್ಟು ಬಗ್ಗಿ, "ಸುಮಿಮಾಸೆನ್, ಸುಮಿಮಾಸೆನ್" ಎಂದು ಕ್ಷಮೆ ಕೇಳುತ್ತ ಹೊಸ ಬದನೆಕಾಯಿ ಕೊಟ್ಟ. ನಾನು ಗೆದ್ದವಳಂತೆ ಮನೆಗೆ ಬಂದೆ.

ಸಂಜೆ ಸೊಸೆ ಫ್ರಿಜ್ ನೋಡಿ ತಲೆಯ ಮೇಲೆ ಕೈಯಿಟ್ಟಳು. "ಅಯ್ಯೋ ಅತ್ತೆ, ಅದು ನನ್ನ ಹೋಮ್‌ವರ್ಕು!"

ಬದನೆಕಾಯಿಯನ್ನು ನೀರಲ್ಲಿ ತೇಲಬಿಟ್ಟು, ಅದು ಅಲುಗದ ಹಾಗೆ ಸೂಜಿ ಇಳಿಸಬೇಕಂತೆ. ಕೈ ಹಗುರವಾಗಲು ಇಲ್ಲಿಯ ಶಾಲೆಗಳಲ್ಲಿ ಅದೇ ಅಭ್ಯಾಸ.

ಮರುದಿನ ಅವಳು ಸಿಹಿಯ ಪೊಟ್ಟಣ ಹಿಡಿದು ನನ್ನನ್ನೂ ಎಳೆದುಕೊಂಡು ಅಂಗಡಿಗೆ ಹೋದಳು. ಈ ಸಲ ನಾವು ಬಗ್ಗಿದೆವು. ನಾವು ಬಗ್ಗಿದ್ದಕ್ಕೆ ಅವನು ಬಗ್ಗಿದ. ಕಥೆ ಪೂರ್ತಿ ಕೇಳಿ, ತೀರಾ ಗಂಭೀರವಾಗಿ ವಿಚಾರಿಸಿದ: "ಹಾಗಾದರೆ, ಬದನೆಕಾಯಿಗೆ ಈಗ ಹೇಗಿದೆ?"

ಡಬ್ಬಿಯಲ್ಲಿ ಕಾಯಿಲೆ

ಈ ವೈದ್ಯಪದ್ಧತಿಯಲ್ಲಿ ನಾಲಿಗೆ ನೋಡಿ ಹೊಟ್ಟೆಯ ವಿಷಯ ಹೇಳುತ್ತಾರೆ. ಮನೆಯವರ ನಾಲಿಗೆಯ ಫೋಟೋ ತರಲು ಸೆನ್ಸೆ, ಅಂದರೆ ಅವಳ ಮೇಷ್ಟರು, ಹೇಳಿದ್ದರು. ಇಲ್ಲಿ ಮೇಷ್ಟರೂ ಸೆನ್ಸೆ, ಡಾಕ್ಟರೂ ಸೆನ್ಸೆ. ಭಾನುವಾರ ತಿಂಡಿ ಮುಗಿಸಿ ನಾನು, ಮಗ ಇಬ್ಬರೂ ಸಾಲಾಗಿ ಕುಳಿತು ನಾಲಿಗೆ ಚಾಚಿದೆವು. ಸಗಮಿಹಾರಾದಲ್ಲಿ ಉಪಗ್ರಹ ಕಟ್ಟುವ ನನ್ನ ಮಗ ಸೂಜಿ ಕಂಡರೆ ಸೋಫಾದ ಹಿಂದೆ ಹೋಗುತ್ತಾನೆ. ನಾಲಿಗೆಗೆ ಸೂಜಿಯಿಲ್ಲ ಎಂದು ಆಣೆ ಮಾಡಿಸಿಕೊಂಡೇ ಬಾಯಿ ತೆರೆದ. ಮೊಮ್ಮಗಳು ಮಾತ್ರ, "ಯಾದಾ! ನಾನೊಲ್ಲೆ ಅಜ್ಜಿ, ಸೋ ಎಂಬರಾಸಿಂಗ್" ಎಂದು ಬಾಗಿಲು ಹಾಕಿಕೊಂಡಳು.

ಫೋಟೋ ನೋಡಿ ಸೆನ್ಸೆ ಗಾಬರಿಯಾದರಂತೆ. "ಇಬ್ಬರ ನಾಲಿಗೆಯೂ ಹಳದಿ! ಮನೆಯವರಿಗೆಲ್ಲ ಒಂದೇ ಕಾಯಿಲೆಯೇ? ಬೆಳಗ್ಗೆ ಏನು ತಿಂದಿದ್ದರು?"

ತಿಂದಿದ್ದು ಚಿತ್ರಾನ್ನ. ನನ್ನ ಕೈಯ ಅರಿಸಿನ ಸ್ವಲ್ಪ ಧಾರಾಳ.

ಸೊಸೆ ಚಿತ್ರಾನ್ನವೆಂದರೇನು ಎಂದು ವಿವರಿಸಿದಳು. ನಿಂಬೆಹಣ್ಣು, ಕಡಲೆಕಾಯಿ, ಕರಿಬೇವು ಎನ್ನುವಷ್ಟರಲ್ಲಿ ಸೆನ್ಸೆ ಕನ್ನಡಕ ತೆಗೆದು ಹೇಳಿದರಂತೆ: "ನಾಳೆ ಆ ಕಾಯಿಲೆಯನ್ನು ಸ್ವಲ್ಪ ಡಬ್ಬಿಯಲ್ಲಿ ಹಾಕಿ ತನ್ನಿ."

ಗಣಪತಿಗೆ ಧೂಪ

ಗೌರಿ ಗಣೇಶ ಹಬ್ಬ ಬಂತು. ಯೋಕೋಹಾಮಾದಲ್ಲಿ ಪತ್ರೆಗೆ ಎಲ್ಲಿಗೆ ಹೋಗಲಿ? ಸೊಸೆಯ ಕಪಾಟಿನಿಂದ ಪರಿಚಯದ ವಾಸನೆ ಬರುತ್ತಿತ್ತು. ತೆಗೆದರೆ, ದಪ್ಪನೆಯ ಊದುಬತ್ತಿಯಂಥ ಕಡ್ಡಿ. ಸಸ್ಯಶಾಸ್ತ್ರ ಓದಿದ ಮೂಗಿಗೆ ಕೂಡಲೇ ಗೊತ್ತಾಯಿತು, ಇದು ನಮ್ಮ ಮಾಚಿಪತ್ರೆಯ ಬಳಗ! ನಾವು ಗಣಪತಿಗೆ ಏರಿಸುವುದನ್ನು ಇವರು ಒಣಗಿಸಿ, ಹೊತ್ತಿಸಿ, ನೋವಿಗೆ ಶಾಖ ಕೊಡುತ್ತಾರೆ. ಬಾಳೆಹಣ್ಣಿಗೆ ಕಡ್ಡಿ ಚುಚ್ಚಿ ಹಚ್ಚಿಯೇಬಿಟ್ಟೆ.

ಗಣಪತಿ ಕಾಣದಷ್ಟು ಹೊಗೆ. ಚಾವಣಿಯ ಅಲಾರಂ, "ಕಾಜಿ ದೆಸ್! ಕಾಜಿ ದೆಸ್!" ಎಂದು ಕಿರುಚತೊಡಗಿತು. ಬೆಂಕಿ ಬಿದ್ದಿದೆ ಎಂದು ಅರ್ಥ. ಪಕ್ಕದ ಮನೆಯ ಅಜ್ಜಿ ಬೆಂಕಿ ಆರಿಸುವ ಸಿಲಿಂಡರನ್ನು ಅಪ್ಪಿಕೊಂಡು ಓಡಿ ಬಂದರು. ಬಂದವರು ಹೊಸ್ತಿಲಲ್ಲೇ ನಿಂತು ಮೂಗರಳಿಸಿದರು. ಚಿಕ್ಕಂದಿನಲ್ಲಿ ಅವರ ಅಜ್ಜಿ ಹಾಕುತ್ತಿದ್ದ ಶಾಖದ ವಾಸನೆಯಂತೆ. ಸಿಲಿಂಡರ್ ಕೆಳಗಿಟ್ಟು, ಸೊಸೆಯ ಮುಂದೆ ಮಂಡಿ ಚಾಚಿ ಕುಳಿತೇಬಿಟ್ಟರು.

"ಪರೀಕ್ಷೆ ಪಾಸಾಗಿ ಲೈಸೆನ್ಸ್ ಬರುವವರೆಗೆ ನಾನು ಹೊರಗಿನವರನ್ನು ಮುಟ್ಟುವಂತಿಲ್ಲ" ಎಂದಳು ಸೊಸೆ, ಕಣ್ಣೊರೆಸಿಕೊಳ್ಳುತ್ತ. ಹೊಗೆಗೋ ಪರೀಕ್ಷೆಯ ಹೆದರಿಕೆಗೋ ತಿಳಿಯಲಿಲ್ಲ.

ಅಜ್ಜಿ ಗಣಪತಿಯತ್ತ ತಿರುಗಿ ಕೈಮುಗಿದರು. ಏನು ಬೇಡಿಕೊಂಡರೆಂದು ಮೊಮ್ಮಗಳು ಆಮೇಲೆ ಹೇಳಿದಳು: "ಈ ಹುಡುಗಿಯನ್ನು ಬೇಗ ಪಾಸು ಮಾಡಿಸು. ನನ್ನ ಮಂಡಿಗೆ ತಾಳ್ಮೆ ಇಲ್ಲ."

ಸರದಿ

ಗಣಪತಿ ಪಾಸು ಮಾಡಿಸಿದ. ನಿಲ್ದಾಣದ ಹಿಂದಿನ ಬೀದಿಯಲ್ಲಿ, ಗಾಜಿನ ಬಾಗಿಲಿನ ಪುಟ್ಟ ಕೋಣೆಯಲ್ಲಿ ಸೊಸೆಯ ಕ್ಲಿನಿಕ್ ತೆರೆಯಿತು. ಪಕ್ಕದ ಮನೆಯ ಅಜ್ಜಿ ಬೆಳಗ್ಗೆಯೇ ಬಂದು ಮಂಡಿ ತೋರಿಸಿಕೊಂಡು ಹೋದರು. ಆಮೇಲೆ ಯಾರೂ ಇಲ್ಲ. ಜನ ಗಾಜಿನಾಚೆಯಿಂದ ಇಣುಕುವುದು, ಖಾಲಿ ಕುರ್ಚಿ ನೋಡಿ ಮುಂದೆ ಹೋಗುವುದು.

"ಕೆಲಸ ಬಿಟ್ಟಿದ್ದು ತಪ್ಪಾಯ್ತೇನೋ ಅತ್ತೆ" ಎಂದಳು. ಆ ದನಿ ನನಗೆ ಕೇಳಲಾಗಲಿಲ್ಲ.

"ಸುಮ್ನಿರೇ" ಎಂದು, ಕೈಚೀಲ ತೊಡೆಯ ಮೇಲಿಟ್ಟುಕೊಂಡು, ರೋಗಿಯಂತೆ ಸೊಂಟ ಹಿಡಿದು ಗಾಜಿನ ಪಕ್ಕದ ಕುರ್ಚಿಯಲ್ಲಿ ಕುಳಿತೆ. ಒಬ್ಬರು ಕಾಯುತ್ತಿರುವ ಕಡೆ ಇಲ್ಲಿನವರು ನಂಬಿ ಬರುತ್ತಾರೆ. ಬಂದೂಬಿಟ್ಟ ಒಬ್ಬ, ಕೋಟು ತೊಟ್ಟ, ಕಣ್ಣ ಕೆಳಗೆ ಕಪ್ಪುಗಟ್ಟಿದ ಆಫೀಸಿನ ಮನುಷ್ಯ. ಸೊಸೆ ಅರಳಿದ ಮುಖದಿಂದ ಅವನಿಗೆ, "ದೋಜೋ, ಒಳಗೆ ಬನ್ನಿ" ಎಂದಳು.

ಅವನು ನನ್ನತ್ತ ತಿರುಗಿ ಬಗ್ಗಿದ. "ಇವರು ನನಗಿಂತ ಮೊದಲು ಬಂದವರು."

"ನನಗೆ ಅವಸರವಿಲ್ಲ" ಎಂದೆ.

"ಸುಮಿಮಾಸೆನ್. ಸರದಿ ಸರದಿಯೇ."

"ಮನೆಯಲ್ಲಿ ಕೊಡೆ ಮರೆತೆ, ತಂದುಬಿಡ್ತೀನಿ" ಎಂದೆ. ಸೊಸೆ ನಗು ತಡೆದುಕೊಂಡು ಅದನ್ನು ಜಪಾನಿಯಲ್ಲಿ ಹೇಳಿದಳು.

"ತೆಗೆದುಕೊಂಡು ಬನ್ನಿ. ನೀವು ಬರುವವರೆಗೂ ಕಾಯುತ್ತೇನೆ."

ಮೂರು ವರ್ಷ ತಪ್ಪಿಸಿಕೊಂಡವಳು ಹೀಗೆ ಪರದೆಯ ಹಿಂದೆ ಮಲಗಬೇಕಾಯಿತು. "ಅತ್ತೆ, ಕಣ್ಣು ಮುಚ್ಚಿ" ಎಂದು ಸೊಸೆ ನಾಡಿ ಹಿಡಿದಳು. ಬೆಚ್ಚನೆಯ ಬೆರಳುಗಳು. ಹಲ್ಲು ಕಚ್ಚಿ ಕಣ್ಣು ಮುಚ್ಚಿದೆ. ತೆರೆದಾಗ ಮೈಯೆಲ್ಲ ಹಗುರ, ಸೊಂಟದಲ್ಲಿ ನೋವೇ ಇಲ್ಲ! ಇಷ್ಟಕ್ಕೇ ಹೆದರಿದೆನಲ್ಲ ಎನಿಸಿತು. ಹೊರಗೆ ಬಂದು ಆ ಮನುಷ್ಯನಿಗೆ, "ಇತಾಕುನಾಯ್! ಸ್ವಲ್ಪವೂ ನೋಯಲಿಲ್ಲ" ಎಂದು ಧೈರ್ಯ ಹೇಳಿದೆ.

ಅವನ ಕಣ್ಣಲ್ಲಿ ನೀರು ತುಂಬಿತ್ತು. "ನಿಮ್ಮ ಗೊರಕೆ ಇಲ್ಲಿಯವರೆಗೂ ಕೇಳಿಸಿತು. ನಾನು ಅಂಥ ನಿದ್ದೆ ಮಾಡಿ ಎಷ್ಟೋ ತಿಂಗಳಾಯಿತು" ಎಂದವನು ಸೊಸೆಯತ್ತ ತಿರುಗಿ ಕೈಜೋಡಿಸಿದ. "ಸೆನ್ಸೆ, ಇವರಿಗೆ ಚುಚ್ಚಿದ ಸೂಜಿಯನ್ನೇ, ಇವರಿಗೆ ಚುಚ್ಚಿದ ಜಾಗಕ್ಕೇ ನನಗೂ ಚುಚ್ಚಿ."

ಸೊಸೆ ಅವನಿಗೆ ಗೌರವದಿಂದ ಬಗ್ಗಿದಳು. ಬಗ್ಗಿದಲ್ಲಿಂದಲೇ ನನ್ನತ್ತ ಕತ್ತು ತಿರುಗಿಸಿ, ಅವನಿಗೆ ತಿಳಿಯದ ಕನ್ನಡದಲ್ಲಿ ಪಿಸುಗುಟ್ಟಿದಳು:

"ಎಲ್ಲಿಗೆ ಅಂತ ಚುಚ್ಚಲಿ ಅತ್ತೆ? ನಾಡಿ ಹಿಡಿಯೋ ಅಷ್ಟರಲ್ಲೇ ನೀವು ಗೊರಕೆ ಶುರು ಮಾಡಿದ್ರಿ. ಸೂಜಿ ಪ್ಯಾಕೆಟ್ಟನ್ನ ನಾನಿನ್ನೂ ಒಡೆದೇ ಇಲ್ಲ!"