ರೊಟ್ಟಿ ಬಡಿಯಲು ಜಾಗ

ಆರ್ಕಿಟೆಕ್ಟ್ ಎಂದರೆ ಏನೆಂದು ನಮ್ಮ ಕುಷ್ಟಗಿಯಲ್ಲಿ ವಿವರಿಸುವುದಕ್ಕಿಂತ ಒಂದು ಮನೆ ಕಟ್ಟಿ ತೋರಿಸುವುದೇ ಸುಲಭ ಎಂದು ನಾನು ತೀರ್ಮಾನಿಸಿ ಬಹಳ ದಿನವಾಯಿತು. ತೊಂದರೆ ಎಂದರೆ, ಓದು ಮುಗಿಸಿ ಊರಿಗೆ ಬಂದ ನನಗೆ ಕಟ್ಟಲು ಯಾರೂ ಮನೆ ಕೊಡುತ್ತಿರಲಿಲ್ಲ. "ನಕ್ಷೆ ತಗ್ಯಾಕ ಐದು ವರ್ಷ ಓದಬೇಕೇನವಾ?" ಎಂದು ಕೇಳಿದವರೆಲ್ಲ ಅಪ್ಪನ ಮುಖವನ್ನು ಮರುಕದಿಂದ ನೋಡುತ್ತಿದ್ದರು. ಅಪ್ಪ ಗೌಂಡಿ, ಕಲ್ಲಿನ ಗೋಡೆ ಎಬ್ಬಿಸುವುದರಲ್ಲಿ ಎತ್ತಿದ ಕೈ. ಚಿಕ್ಕಂದಿನಲ್ಲಿ ಇಟಗಿಯ ಗುಡಿಗೆ ಕರೆದೊಯ್ದಾಗ ನಾನು ದೇವರಿಗೆ ಕೈ ಮುಗಿಯುತ್ತಿದ್ದರೆ, ಅವನು ಕಲ್ಲಿನ ಸಂದಿಯಲ್ಲಿ ಉಗುರು ಹೋಗುತ್ತದೆಯೇ ಎಂದು ಪರೀಕ್ಷಿಸುತ್ತಿದ್ದ. ಆ ಹುಚ್ಚು ನನಗೂ ಹತ್ತಿತು. ನಮ್ಮ ಕಲ್ಲಿನಲ್ಲೇ, ನಮ್ಮ ಬಿಸಿಲಿಗೆ ತಂಪಾಗಿರುವ ಮನೆಗಳನ್ನು ಈ ಊರಲ್ಲೇ ಕಟ್ಟಬೇಕೆಂಬುದು ನನ್ನ ಹಟ.

ಕೊನೆಗೆ ದಾಳಿಂಬೆ ತೋಟದ ಗಂಗಕ್ಕ ಮತ್ತು ಅವಳ ಗಂಡ ಒಪ್ಪಿದರು, ಒಂದು ಷರತ್ತಿನ ಮೇಲೆ. ಮನೆ ಗಂಗಕ್ಕನ ಮನಸ್ಸಿಗೆ ಬರಬೇಕು. ಬಾರದಿದ್ದರೆ ಗಂಗಾವತಿಯ ಗುತ್ತಿಗೆದಾರನ ಬಳಿ ಸಿದ್ಧ ನಕ್ಷೆಯಿದೆ. ಕಾಗದದ ಮೇಲಿನ ಗೆರೆ ಅವಳಿಗೆ ತಿಳಿಯದು. ಹಾಗಾಗಿ ನನ್ನ ನಕ್ಷೆ ನೋಡಿಕೊಂಡು ಅಪ್ಪ ಸೈಟಿನಲ್ಲಿ ಸುಣ್ಣದಿಂದ ಇಡೀ ಮನೆ ಬರೆದ.

ಗಂಗಕ್ಕ ಚಪ್ಪಲಿ ಹೊರಗೆ ಬಿಟ್ಟು, ಬಾಗಿಲು ಬರೆದ ಕಡೆಯಿಂದಲೇ ಒಳಗೆ ಬಂದಳು. ಪಡಸಾಲೆ ದಾಟಿ ಅಡುಗೆಮನೆಯಲ್ಲಿ ನಿಂತಳು. ಸೊಂಟದೆತ್ತರದ ಕಟ್ಟೆ ಎಲ್ಲಿ, ಕಪಾಟು ಎಲ್ಲಿ ಎಂದು ನಾನು ಕೈ ಬೀಸಿ ಬೀಸಿ ವರ್ಣಿಸಿದೆ. ಎಲ್ಲ ಕೇಳಿ ಅವಳು, "ಭಾಳ ಛಲೋ ಐತಿ ಯವ್ವಾ. ರೊಟ್ಟಿ ಎಲ್ಲಿ ಕುಂತು ಬಡೀಲಿ?" ಎಂದಳು.

ಹುಟ್ಟಿದಾಗಿನಿಂದ ಎರಡು ಹೊತ್ತು ಜೋಳದ ರೊಟ್ಟಿ ತಿಂದವಳು ನಾನು. ಆದರೆ ಓದುವ ಹುಡುಗಿ ಎಂದು ಅವ್ವ ಒಂದು ದಿನವೂ ನನ್ನನ್ನು ಒಲೆಯ ಮುಂದೆ ಕೂರಿಸಿರಲಿಲ್ಲ. ರೊಟ್ಟಿ ತಾಟಿಗೆ ಬಂದು ಬೀಳುವುದಷ್ಟೇ ನನಗೆ ಗೊತ್ತಿದ್ದದ್ದು. ಬಹಳ ನಾಚಿಕೆಯಾಯಿತು. ಆದರೆ ಗಂಗಾವತಿಯ ಆ ಸಿದ್ಧ ನಕ್ಷೆ ನೆನಪಾದದ್ದೇ ತಡ, ಛಲವೂ ಬಂತು. "ಅಕ್ಕಾ, ಮನಿಯಾಗ ಹೆಂಗ ಕುಂದರ್ತೀರಿ, ಇಲ್ಲಿ ಹಂಗ ಕುಂದರ್ರಿ" ಎಂದೆ. ಅವಳು ಸುಣ್ಣದ ಗೆರೆಗಳ ನಡುವೆ ಕುಳಿತು, ಒಲೆ ಇಲ್ಲಿ, ಹಿಟ್ಟು ಇಲ್ಲಿ, ರೊಟ್ಟಿ ಬುಟ್ಟಿ ಇಲ್ಲಿ, ಮಾತಾಡಲು ಸೊಸೆ ಇಲ್ಲಿ ಎಂದು ತೋರಿಸಿದಳು. ನಾನು ಟೇಪು ಹಿಡಿದು ಮೊಣಕಾಲೂರಿ ಅವಳ ಸುತ್ತ ಅಳೆದೆ. ಅವಳ ಮೊಣಕೈ ಗೆರೆ ದಾಟುತ್ತಿತ್ತು. ಗೋಡೆಯನ್ನೇ ಎರಡಡಿ ಸರಿಸಿದೆ. ಕುಳಿತವಳ ಮುಖಕ್ಕೆ ಗಾಳಿ ಬರಲೆಂದು ಕಿಟಕಿಯನ್ನು ನೆಲದ ಹತ್ತಿರಕ್ಕೆ ಇಳಿಸಿದೆ.

ಗಂಗಕ್ಕ ಕುಳಿತಲ್ಲಿಂದಲೇ ಗಂಡನಿಗೆ, "ಪಾಯಾ ತೆಗಸ್ರಿ" ಎಂದು ಕೂಗಿದಳು.

ಗೆದ್ದ ಹುಮ್ಮಸ್ಸಿನಲ್ಲಿ ಅಪ್ಪನ ಕಡೆ ತಿರುಗಿದೆ. ಅವನು ಹೊಸ ಗೆರೆ ಎಳೆಯುತ್ತ ಮುಸಿಮುಸಿ ನಗುತ್ತಿದ್ದ. ನನಗೆ ಅನುಮಾನ ಬಂತು.

"ಯಪ್ಪಾ, ನಿನಗ ಮೊದಲ ಗೊತ್ತಿತ್ತೇನು?"

"ನೀ ನಕ್ಷೆ ತೋರಿಸಿದಾಗ ಗೊತ್ತಾತು."

"ಮತ್ತ ಹೇಳಬಾರದಿತ್ತಾ?"

"ಹೇಳಿದ್ನಲ್ಲವಾ. ನಿನಗ ಇದೆಲ್ಲಾ ತಿಳಿಯಂಗಿಲ್ಲ, ಸುಮ್ನಿರಪಾ ಅಂದಿ."

ಹೌದು, ಅಂದಿದ್ದೆ. ಅದೂ ಅವ್ವ ಬಡಿದ ಬಿಸಿ ರೊಟ್ಟಿ ಮುರಿಯುತ್ತಲೇ ಅಂದಿದ್ದೆ.